ಮಕ್ಕಳ ಸಾರ್ಕೋಮಾ ಮತ್ತು ‘ಸ್ವಿಚ್’ ಎಂಬ ಅರ್ಧಸತ್ಯ

‘ಕ್ಯಾನ್ಸರಿನ ಸ್ವಿಚ್ ಪತ್ತೆಯಾಗಿದೆ’ ಎಂಬ ತಲೆಬರಹ ನಮ್ಮಲ್ಲಿ ಎಷ್ಟು ಸಲೀಸಾಗಿ ಬರುತ್ತದೆಯೆಂದರೆ, ಮಗುವಿನ ಬಯಾಪ್ಸಿ ವರದಿ ಹಿಡಿದು ಬಂದ ತಂದೆತಾಯಿ ‘ಹಾಗಾದರೆ ಅದನ್ನು ಆರಿಸುವ ಮಾತ್ರೆ ಕೊಡಿ’ ಎಂದು ಕೇಳಿದರೆ ತಪ್ಪು ಅವರದಲ್ಲ. ಸ್ಲೈಡ್ ನೋಡುವುದೇ ಕಸುಬಾದ ನನಗೆ, ಮಕ್ಕಳ ಮೂಳೆ ಮತ್ತು ಮೃದು ಅಂಗಾಂಶದ ಕ್ಯಾನ್ಸರುಗಳ, ಅಂದರೆ ಸಾರ್ಕೋಮಾಗಳ, ಮಟ್ಟಿಗೆ ಈ ಮಾತು ಅರ್ಧಸತ್ಯವೆಂದೇ ತೋರುತ್ತದೆ.

ಅಮೆರಿಕದ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ 1921ರಲ್ಲಿ ವಿವರಿಸಿದ ಯೂಯಿಂಗ್ ಸಾರ್ಕೋಮಾವನ್ನೇ ನೋಡಿ. ಸೂಕ್ಷ್ಮದರ್ಶಕದಡಿ ಕಾಣುವುದು ಸಾಸಿವೆ ಚೆಲ್ಲಿದಂತೆ ಒತ್ತಾಗಿ ಹರಡಿದ ಸಣ್ಣ, ದುಂಡನೆಯ ನೀಲಿ ಕೋಶಗಳು. ಇದೇ ರೂಪದ ಗೆಡ್ಡೆಗಳು ಬೇರೆಯೂ ಇರುವುದರಿಂದ ಅಷ್ಟರಿಂದಲೇ ನಿರ್ಧಾರಕ್ಕೆ ಬರುವಂತಿಲ್ಲ. ಆಗ ಕತ್ತಲೆ ಕೋಣೆಯಲ್ಲಿ, ಜೀನುಗಳಿಗೆ ಹೊಳೆಯುವ ಬಣ್ಣ ಅಂಟಿಸಿ ನೋಡುವ ಫಿಶ್ ಪರೀಕ್ಷೆಯ ಸ್ಲೈಡ್ ಇಡುತ್ತೇವೆ. ಇಡಬ್ಲ್ಯುಎಸ್‌ಆರ್1 (ಚುಟುಕಾಗಿ ಇಡಬ್ಲ್ಯುಎಸ್) ಜೀನಿನ ಒಂದು ಮಗ್ಗುಲಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಬಣ್ಣ. ಆರೋಗ್ಯವಂತ ಕೋಶದಲ್ಲಿ ಎರಡೂ ಚುಕ್ಕೆಗಳು ಅಂಟಿಕೊಂಡು ಹಳದಿಯಾಗಿ ಹೊಳೆಯುತ್ತವೆ. ಇಲ್ಲಿ ಒಂದು ಜೋಡಿ ಬೇರ್ಪಟ್ಟು ದೂರ ನಿಂತಿರುತ್ತದೆ. ಜೀನು ಮುರಿದಿರುವುದಕ್ಕೆ ಆ ಅಂತರವೇ ಗುರುತು. 11 ಮತ್ತು 22ನೇ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಾಗ ಹುಟ್ಟುವ ಇಡಬ್ಲ್ಯುಎಸ್-ಎಫ್‌ಎಲ್‌ಐ1 ಎಂಬ ಬೆಸುಗೆ ಜೀನನ್ನು 1992ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯ ಒಲಿವಿಯೆ ಡೆಲಾಟ್ರ್ ಮತ್ತು ಸಂಗಡಿಗರು ಗುರುತಿಸಿದರು. ಸುಮಾರು 85% ರೋಗಿಗಳಲ್ಲಿ ಇರುವುದು ಇದೇ ಬೆಸುಗೆ.

ತೊಡಕು ಶುರುವಾಗುವುದು ಇಲ್ಲಿಂದ. ಈ ಬೆಸುಗೆಯ ಪ್ರೋಟೀನು ಕೋಶದ ಹೊರಮೈಯಲ್ಲಿರದೆ ಕೇಂದ್ರದೊಳಗೆ ಡಿಎನ್‌ಎ ಮೇಲೆಯೇ ಕುಳಿತು, ಸುಮ್ಮನಿರಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ಔಷಧದ ಹಿಡಿತಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ. ಆದರೆ ಅದರ ಆಟ ನಡೆಯಲು ಐಜಿಎಫ್-1 ಎಂಬ ಬೆಳವಣಿಗೆಯ ಅಂಶವನ್ನು ಹಿಡಿಯುವ, ಕೋಶದ ಹೊರಮೈಯ ಗ್ರಾಹಕದ ಸಂಕೇತವೂ ಬೇಕೆಂದು ಪ್ರಯೋಗಾಲಯದಲ್ಲಿ ತಿಳಿದುಬಂದಾಗ, ಆ ಗ್ರಾಹಕಕ್ಕೆ ಪ್ರತಿಕಾಯದ ಬೀಗ ಹಾಕುವ ಉತ್ಸಾಹ ಎದ್ದಿತು. ಮೊದಲ ಪ್ರಯೋಗಗಳಲ್ಲಿ ಹತ್ತರಲ್ಲಿ ಸುಮಾರು ಒಬ್ಬರ ಗೆಡ್ಡೆ ಕುಗ್ಗಿತು, ಕೆಲವರಲ್ಲಂತೂ ನಂಬಲಾಗದಷ್ಟು. ಮುಂದೆ, ರೋಗ ಆಗಲೇ ದೇಹದಲ್ಲಿ ಹರಡಿದ್ದ ಸುಮಾರು 300 ರೋಗಿಗಳ ಮೇಲೆ, ಕೀಮೋಥೆರಪಿಯ ಜೊತೆಗೆ ಗ್ಯಾನಿಟ್ಯುಮ್ಯಾಬ್ ಎಂಬ ಇಂಥ ಪ್ರತಿಕಾಯ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು: ಲಾಭ ಕಾಣಲಿಲ್ಲ, ಅಡ್ಡಪರಿಣಾಮ ಹೆಚ್ಚಾಯಿತು. ತೋಟದಲ್ಲಿ ಒಂದು ಮಡೆ ಕಟ್ಟಿದರೆ ನೀರು ಪಕ್ಕದ ಸಾಲಿಗೆ ನುಗ್ಗುವುದಿಲ್ಲವೇ? ಈ ಗ್ರಾಹಕ ಮುಚ್ಚಿದಾಗ ಇನ್ಸುಲಿನ್ ಗ್ರಾಹಕದ ಮೂಲಕ ಸಂಕೇತ ಹರಿಸಿಕೊಳ್ಳುವ ಕೋಶಗಳನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ.

ಇನ್ನರ್ಧ ಸತ್ಯ ಎಳೆಯ ಕೂಸುಗಳ ಫೈಬ್ರೋಸಾರ್ಕೋಮಾದಲ್ಲಿದೆ. ಅಲ್ಲಿಯೂ ಇರುವುದು ಬೆಸುಗೆಯೇ, ಇಟಿವಿ6-ಎನ್‌ಟಿಆರ್‌ಕೆ3. ಆದರೆ ಅದರ ಪ್ರೋಟೀನು ಸ್ವತಃ ಸಂಕೇತ ಹೊರಡಿಸುವ ಕಿಣ್ವ, ಅಂದರೆ ಕೈನೇಸ್. ಅಮೆರಿಕದಲ್ಲಿ 2018ರ ನವೆಂಬರಿನಲ್ಲಿ ಅನುಮತಿ ಪಡೆದ ಲ್ಯಾರೊಟ್ರೆಕ್ಟಿನಿಬ್ ಆ ಕೈನೇಸನ್ನೇ ತಡೆಯುತ್ತದೆ. ಇಂಥ ಬೆಸುಗೆಯುಳ್ಳ ನಾನಾ ಬಗೆಯ ಕ್ಯಾನ್ಸರಿನ, 4 ತಿಂಗಳಿಂದ 76 ವರ್ಷದವರೆಗಿನ 55 ರೋಗಿಗಳಲ್ಲಿ ಮುಕ್ಕಾಲು ಪಾಲು ಮಂದಿಯ ಗೆಡ್ಡೆ ಕುಗ್ಗಿತು. ಸ್ವಿಚ್ ಎಂಬ ಪದ ಇಲ್ಲಿಗೆ ಸಲ್ಲುತ್ತದೆ.

ಯೂಯಿಂಗ್ ರೋಗ ಹರಡದಿರುವ ಮಕ್ಕಳಲ್ಲಿ ಸುಮಾರು 70% ಮಂದಿ ಇಂದು ಬದುಕುಳಿಯುತ್ತಿರುವುದು ವಿನ್‌ಕ್ರಿಸ್ಟಿನ್, ಡಾಕ್ಸೊರುಬಿಸಿನ್‌ಗಳಂಥ ಹಳೆಯ ಔಷಧಗಳ ಜೊತೆಗೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣದಿಂದ. ಹೊಸ ಮಾತ್ರೆ ಹುಡುಕುತ್ತ ಆ ಚಿಕಿತ್ಸೆಯನ್ನು ಒಂದು ವಾರವೂ ಮುಂದೂಡಬಾರದು. ವರದಿಯಲ್ಲಿ ಬೆಸುಗೆ ಜೀನಿನ ಹೆಸರು ಕಂಡವರು ಮೊಬೈಲ್ ತೆರೆಯುವ ಮೊದಲು ವೈದ್ಯರನ್ನು ಒಂದು ಪ್ರಶ್ನೆ ಕೇಳಲಿ: ಇದು ಕೈನೇಸೇ, ಅಥವಾ ಡಿಎನ್‌ಎ ಮೇಲೆ ಕೂರುವ ಪ್ರೋಟೀನೇ?