ಮುಂದಿನ ಸಾಲಿನ ಹುಚ್ಚು ಬಿಡಿ, ಮಿಕ್ಸರ್ ಹತ್ತಿರ ಬನ್ನಿ

ಗೆಳೆಯರ ದಂಡು ಕಟ್ಟಿಕೊಂಡು ದೊಡ್ಡ ರಾಕ್ ಕಾನ್ಸರ್ಟ್‌ಗೆ ಹೋದರೆ ಒಂದು ಜಗಳ ಗ್ಯಾರಂಟಿ. ಎಲ್ಲಿ ನಿಲ್ಲೋದು? ನಮ್ಮ ಗುಂಪಿನ ಒಬ್ಬನಿಗೆ ಬ್ಯಾರಿಕೇಡ್‌ಗೆ ಅಂಟಿಕೊಂಡೇ ನಿಲ್ಲಬೇಕು. "ಗಿಟಾರ್ ಬಾರಿಸುವವನ ಬೆವರು ಕಾಣ್ಬೇಕು ಮಗಾ" ಅನ್ನುತ್ತಾನೆ. ಇನ್ನೊಬ್ಬಳಿಗೆ ಟಾಯ್ಲೆಟ್ ಹತ್ತಿರ ಇದ್ದರೆ ಸಾಕು. ನನ್ನ ವೋಟು ಮಾತ್ರ ಯಾವತ್ತೂ ಸೌಂಡ್ ಎಂಜಿನಿಯರ್ ಪಕ್ಕಕ್ಕೆ.

ವೇದಿಕೆಗೆ ಎದುರಾಗಿ, ಜನರ ನಡುವೆ ಒಂದು ಚಪ್ಪರ ಇರುತ್ತದೆ ನೋಡಿ. ಅಲ್ಲಿ ಹಾಡು, ವಾದ್ಯಗಳ ಸದ್ದನ್ನು ಬೆರೆಸಿ ಹೊಂದಿಸುವ ದೊಡ್ಡ ಮಿಕ್ಸರ್ ಮುಂದೆ ನಿಂತವರು ತಮ್ಮ ಕಿವಿಗೆ ಕೇಳುವುದನ್ನೇ ನಂಬಿಕೊಂಡು ಇಡೀ ಶೋ ಹೊಂದಿಸುತ್ತಾರೆ. ಅಂದಮೇಲೆ ಹಾಡು ಚೆನ್ನಾಗಿ ಕೇಳುವ ಜಾಗ ಅದೇ ಅಲ್ವಾ? ತೀರಾ ಮುಂದೆ ಹೋದರೆ ಸಬ್‌ವೂಫರ್‌ನ ಬೇಸ್ ಎದೆಗೆ ಗುದ್ದುತ್ತದೆ. ಮೇಲೆ ತೂಗುಹಾಕಿದ ಸ್ಪೀಕರ್‌ಗಳ ಸದ್ದಿನ ಬಹುಪಾಲು ನಿಮ್ಮ ತಲೆಯ ಮೇಲೇ ಹಾದು ಹಿಂದಿನವರಿಗೆ ಹೋಗುತ್ತದೆ. ಹಾಡಿನ ಸಾಲು ಅರ್ಧಂಬರ್ಧ.

ಹಾಗಂತ ಮೈದಾನದ ತುದಿಗೂ ಹೋಗಬೇಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನೀವು 170 ಮೀಟರ್ ಹಿಂದಿದ್ದರೆ ಅರ್ಧ ಸೆಕೆಂಡ್ ತಡ. ಪರದೆಯ ಮೇಲೆ ಡ್ರಮ್ಮಿಗೆ ಕೋಲು ಬಿದ್ದಾಗಿರುತ್ತದೆ, 'ಢಂ' ಇನ್ನೂ ದಾರಿಯಲ್ಲಿರುತ್ತದೆ! ಅದಕ್ಕೇ ನಡುವೆ ಇನ್ನಷ್ಟು ಸ್ಪೀಕರ್ ನಿಲ್ಲಿಸಿ, ಅವುಗಳ ಸದ್ದನ್ನು ಬೇಕಂತಲೇ ಸ್ವಲ್ಪ ತಡಮಾಡಿ ಬಿಡುತ್ತಾರೆ. ಮುಂದಿನಿಂದ ಬರುವ ಸದ್ದೂ ಇದೂ ಒಟ್ಟಿಗೇ ಕಿವಿ ಸೇರಲಿ ಅಂತ. ಈ ಲೆಕ್ಕ ಹಾಕಿದವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಪಾಪ.

ಇನ್ನು ಗೆಳೆಯರ ವಿಷಯ. ಮೂರೂ ಹೊತ್ತು ಕೈಕೈ ಹಿಡಿದುಕೊಂಡೇ ಇರಬೇಕು ಅನ್ನುವ ಹಟ ಬೇಡ. ಬೆವರು ನೋಡುವವನು ಮುಂದೆ ಹೋಗಲಿ ಬಿಡಿ. ಆದರೆ ಶೋ ಮುಗಿದಮೇಲೆ ಸೇರುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ. "ಫೋನ್ ಮಾಡ್ತೀನಿ" ಅಂದರೆ ಕೆಲಸ ಕೆಟ್ಟಿತು. ಅಷ್ಟು ಜನ ಒಂದೇ ಟವರ್‌ಗೆ ಜೋತುಬಿದ್ದಾಗ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಅಲುಗಾಡದ ಒಂದು ಕಂಬ ನೋಡಿಟ್ಟುಕೊಳ್ಳಿ, ಸಾಕು.

ಕಿವಿಯ ಮಾತು ತೆಗೆದರೆ ನನ್ನನ್ನು ಅಜ್ಜ ಅಂತ ರೇಗಿಸುತ್ತಾರೆ. ರೇಗಿಸಲಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅನ್ನುತ್ತಾರೆ ತಿಳಿದವರು. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧಕ್ಕರ್ಧ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ರಾಕ್ ಶೋಗಳು 100 ದಾಟುವುದು ಮಾಮೂಲಿ. 'ದ ಹೂ' ಬ್ಯಾಂಡ್ 1976ರಲ್ಲಿ ಲಂಡನ್ನಿನಲ್ಲಿ 126 ಡೆಸಿಬಲ್ ಮುಟ್ಟಿ, ಅತಿ ಜೋರು ಸದ್ದಿನ ಬ್ಯಾಂಡ್ ಅಂತ ಗಿನ್ನೆಸ್ ದಾಖಲೆ ಸೇರಿತ್ತು. ಜನರ ಕಿವಿ ಹಾಳಾಗುತ್ತದೆ ಅಂತ ಗಿನ್ನೆಸ್‌ನವರು ಆಮೇಲೆ ಆ ವಿಭಾಗವನ್ನೇ ನಿಲ್ಲಿಸಿದರು. ಅದೇ ಬ್ಯಾಂಡಿನ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ತನ್ನ ಕಿವಿ ಮಂದವಾಗಿದ್ದನ್ನು, ಒಳಗೆ ಗುಂಯ್‌ಗುಡುವುದನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ.

ಹಾಗಾಗಿ ಇಯರ್‌ಪ್ಲಗ್ ಒಯ್ಯಿರಿ. ಹಾಡು ಕೇಳಿಸದೆ ಹೋಗುವುದಿಲ್ಲ, ಸದ್ದು ತಗ್ಗುತ್ತದೆ ಅಷ್ಟೇ. ಒಂದು ಜೊತೆ ಜಾಸ್ತಿಯೇ ಇಟ್ಟುಕೊಳ್ಳಿ. ಮುಂದೆ ಓಡಿದವನು ಮೂರನೇ ಹಾಡಿಗೆ ಬಂದು ಕೇಳೇ ಕೇಳುತ್ತಾನೆ.