ಸೇಂಟ್ ಜೇಮ್ಸ್ ಪಾರ್ಕ್ ಹೆಸರನ್ನು ಮಾರುವ ಹಕ್ಕು ಯಾರಿಗಿತ್ತು?

ಫುಟ್‌ಬಾಲ್ ಕ್ಲಬ್‌ಗಳಿಗೆ ದುಡ್ಡು ಬೇಕು, ಒಪ್ಪುತ್ತೇನೆ. ಆಟಗಾರರಿಗೆ ಸಂಬಳ ಕೊಡಬೇಕು, ಹೊಸ ಸ್ಟ್ಯಾಂಡ್ ಕಟ್ಟಬೇಕು. ಜರ್ಸಿ ಮೇಲೆ ಯಾವ ಕಂಪನಿಯ ಹೆಸರಿದ್ದರೂ ನನ್ನ ತಕರಾರಿಲ್ಲ. ಆದರೆ ನೂರು ವರ್ಷ ದಾಟಿದ ಮೈದಾನದ ಹೆಸರನ್ನೇ ಮಾರಾಟಕ್ಕೆ ಇಟ್ಟರೆ ನನಗೆ ಸಿಟ್ಟು ಬರುತ್ತದೆ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಆದದ್ದನ್ನೇ ನೋಡಿ. ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ 1880ರಿಂದ ಫುಟ್‌ಬಾಲ್ ನಡೆಯುತ್ತಿದೆ. ನ್ಯೂಕ್ಯಾಸಲ್ ಯುನೈಟೆಡ್ ಎಂಬ ಹೆಸರು ಹುಟ್ಟುವ ಮೊದಲೇ ಆ ಮೈದಾನ ಇತ್ತು. ಪೇಟೆಯ ಪಕ್ಕದಲ್ಲೇ ಇದೆ. ಪಂದ್ಯದ ದಿನ ಜನ ಪಬ್‌ನಿಂದ ಎದ್ದು ನಡೆದೇ ಹೋಗುತ್ತಾರೆ. 2007ರಲ್ಲಿ ಕ್ಲಬ್ ಕೊಂಡ ಮೈಕ್ ಆ್ಯಶ್ಲಿ 2011ರ ನವೆಂಬರ್‌ನಲ್ಲಿ ಅದಕ್ಕೆ ತಮ್ಮದೇ ಅಂಗಡಿಗಳ ಹೆಸರಿಟ್ಟರು: ಸ್ಪೋರ್ಟ್ಸ್ ಡೈರೆಕ್ಟ್ ಅರೇನಾ. ಕೊಟ್ಟ ಕಾರಣ ಏನು ಗೊತ್ತಾ? ಹೆಸರಿನ ಹಕ್ಕು ಮಾರಾಟಕ್ಕಿದೆ ಅಂತ ಬೇರೆ ಕಂಪನಿಗಳಿಗೆ ತೋರಿಸುವುದು! ಹಳೆಯ ಹೆಸರು ಜೊತೆಗಿದ್ದರೆ ಕೊಳ್ಳುವವರಿಗೆ ಅಷ್ಟು ಆಸಕ್ತಿ ಇರುವುದಿಲ್ಲವಂತೆ.

2012ರ ಆರಂಭದಲ್ಲಿ ಗೋಡೆಯ ಮೇಲಿದ್ದ ಹಳೆಯ ಹೆಸರಿನ ದೊಡ್ಡ ಅಕ್ಷರಗಳನ್ನೂ ಕಿತ್ತರು. ಊರಿನವರು ಒಪ್ಪಲಿಲ್ಲ. ಹೊಸ ಹೆಸರು ಅವರ ಬಾಯಿಗೆ ಬರಲೇ ಇಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ವೊಂಗಾ ಎಂಬ ಸಾಲದ ಕಂಪನಿ ಜರ್ಸಿಯ ಜೊತೆ ಮೈದಾನದ ಹೆಸರಿನ ಹಕ್ಕನ್ನೂ ಕೊಂಡಿತು. ಕೊಂಡು ಸೇಂಟ್ ಜೇಮ್ಸ್ ಪಾರ್ಕ್ ಹೆಸರನ್ನೇ ವಾಪಸ್ ಇಟ್ಟಿತು. ದುಬಾರಿ ಬಡ್ಡಿಗೆ ಹೆಸರಾದ ಕಂಪನಿ ಅದು, ನನಗೆ ಅದರ ಮೇಲೆ ಯಾವ ಗೌರವವೂ ಇಲ್ಲ. ಆದರೆ ಆ ಊರಿನ ಮನಸ್ಸು ಗೆಲ್ಲಬೇಕಾದರೆ ಏನು ಮಾಡಬೇಕು ಅನ್ನುವುದು ಅವರಿಗೆ ಅರ್ಥವಾಗಿತ್ತು. ಮಾಲೀಕರಿಗೆ ಆಗಿರಲಿಲ್ಲ.

ಇನ್ನೊಂದು ವಿಷಯ. ಮೈದಾನ ಇರುವ ಜಾಗ ಕೂಡ ಕ್ಲಬ್‌ನ ಸ್ವಂತದ್ದಲ್ಲ, ಅಲ್ಲಿನ ಕೌನ್ಸಿಲ್ ಗುತ್ತಿಗೆಗೆ ಕೊಟ್ಟದ್ದು. ಹಾಗಿದ್ದ ಮೇಲೆ ತಲೆಮಾರುಗಳಿಂದ ಜನ ಕರೆದುಕೊಂಡು ಬಂದ ಹೆಸರು ಒಬ್ಬ ಮಾಲೀಕನ ಆಸ್ತಿ ಹೇಗಾಗುತ್ತದೆ?

ಹೊಸದಾಗಿ ಕಟ್ಟಿದ್ದಕ್ಕೆ ಕಂಪನಿ ಹೆಸರು ಇಡಲಿ, ಬೇಡ ಅನ್ನುವುದಿಲ್ಲ. ಆರ್ಸೆನಲ್ ಕ್ಲಬ್ ತನ್ನ ಹಳೆಯ ಮೈದಾನ ಹೈಬರಿ ಬಿಟ್ಟು 2006ರಲ್ಲಿ ವಿಮಾನ ಕಂಪನಿಯ ಹೆಸರಿನ ಹೊಸ ಮೈದಾನ ಎಮಿರೇಟ್ಸ್‌ಗೆ ಹೋಯಿತು. ಕಟ್ಟಡದ ಖರ್ಚಿಗೆ ಆ ದುಡ್ಡು ಬೇಕಿತ್ತು, ಅಳಿಸಿ ಹಾಕಲು ಅಲ್ಲಿ ಹಳೆಯ ಹೆಸರೂ ಇರಲಿಲ್ಲ. ಎವರ್ಟನ್ ಇನ್ನೂ ಚೆನ್ನಾಗಿ ಮಾಡಿದೆ. 2025ರಲ್ಲಿ ತೆರೆದ ಹೊಸ ಮೈದಾನಕ್ಕೆ ಹಿಲ್ ಡಿಕಿನ್ಸನ್ ಎಂಬ ಕಾನೂನು ಸಂಸ್ಥೆಯ ಹೆಸರು. ಹಳೆಯ ಗುಡಿಸನ್ ಪಾರ್ಕ್ ಅದೇ ಹೆಸರಿನಲ್ಲಿ ಮಹಿಳಾ ತಂಡಕ್ಕೆ ಸಿಕ್ಕಿದೆ.

ಹೆಸರು ಯಾವುದಾದರೇನು, ತಂಡ ಗೆದ್ದರೆ ಸಾಕಲ್ವಾ ಎನ್ನುವ ಗೆಳೆಯರಿದ್ದಾರೆ. ಅವರಿಗೆ ಜರ್ಮನಿಯ ಹ್ಯಾಂಬರ್ಗ್ ತೋರಿಸುತ್ತೇನೆ. 2001ರಿಂದ 2015ರೊಳಗೆ ಅಲ್ಲಿನ ಫೋಕ್ಸ್‌ಪಾರ್ಕ್ ಸ್ಟೇಡಿಯಂಗೆ ಮೂರು ಕಂಪನಿಗಳ ಹೆಸರು ಬಂದು ಹೋದವು. ಕೊನೆಗೆ ಕ್ಲೌಸ್-ಮಿಖಾಯೆಲ್ ಕ್ಯೂನೆ ಎಂಬ ಶ್ರೀಮಂತ ಅಭಿಮಾನಿ ಹಕ್ಕು ಕೊಂಡು ಹಳೆಯ ಹೆಸರು ತಂದರು. ಡಾರ್ಟ್‌ಮಂಡ್‌ದು ಬೇರೆ ಕಥೆ. 2005ರಲ್ಲಿ ಕ್ಲಬ್ ದಿವಾಳಿಯ ಅಂಚಿನಲ್ಲಿತ್ತು, ಮೈದಾನದ ಹೆಸರಿನ ಹಕ್ಕು ಮಾರಿದರು. ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಅಲ್ಲಿನ ಎಷ್ಟೋ ಜನಕ್ಕೆ ಅದು ಇವತ್ತಿಗೂ ವೆಸ್ಟ್‌ಫಾಲೆನ್ ಸ್ಟೇಡಿಯಂ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ನ್ಯೂರೆಂಬರ್ಗ್. 2017ರಲ್ಲಿ ಕಾನ್ಸರ್ಸ್‌ಬ್ಯಾಂಕ್ ಹಕ್ಕು ಕೊಂಡಿತು, ಅಭಿಮಾನಿಗಳೂ ಚಂದಾ ಹಾಕಿದರು. ಮೈದಾನಕ್ಕೆ ಮ್ಯಾಕ್ಸ್ ಮಾರ್ಲಾಕ್ ಹೆಸರು ಬಂತು. 1954ರ ವಿಶ್ವಕಪ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ 0-2 ಹಿಂದಿದ್ದಾಗ ಮೊದಲ ಗೋಲು ಹೊಡೆದ ಅದೇ ಮಾರ್ಲಾಕ್, ಆ ಊರಿನವನೇ. ಬ್ಯಾಂಕಿಗೆ ಇದರಿಂದ ಬಂದ ಒಳ್ಳೆಯ ಹೆಸರು, ತನ್ನದೇ ಹೆಸರಿನ ಬೋರ್ಡು ಹಾಕಿದ್ದರೆ ಬರುತ್ತಿತ್ತಾ?

ಈಗ ಮ್ಯಾಂಚೆಸ್ಟರ್ ಯುನೈಟೆಡ್ ಓಲ್ಡ್ ಟ್ರಾಫರ್ಡ್ ಪಕ್ಕದಲ್ಲೇ 1 ಲಕ್ಷ ಜನ ಕೂರುವ ಹೊಸ ಮೈದಾನ ಕಟ್ಟುತ್ತೇವೆ ಅಂತ 2025ರಲ್ಲಿ ಹೇಳಿದೆ. ಅಷ್ಟು ದೊಡ್ಡ ಖರ್ಚಿಗೆ ಹೆಸರು ಕೊಳ್ಳುವವರು ಬಂದೇ ಬರುತ್ತಾರೆ. ಬರಲಿ. ಬಾರ್ಸಿಲೋನಾದಲ್ಲಿ ಸ್ಪಾಟಿಫೈ ಕ್ಯಾಂಪ್ ನೌ ಅಂತ ಮಾಡಿದ ಹಾಗೆ ಕಂಪನಿ ಹೆಸರನ್ನು ಮುಂದೆ ಸೇರಿಸಲಿ. ಆದರೆ ಓಲ್ಡ್ ಟ್ರಾಫರ್ಡ್ ಎಂಬ ಹೆಸರು ಉಳಿಯಬೇಕು, ಅದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಇದಕ್ಕಾಗಿ ಅಭಿಮಾನಿಗಳು ದನಿ ಎತ್ತಬೇಕಾದ್ದು ಈಗಲೇ. ಸಹಿ ಬಿದ್ದ ಮೇಲೆ ಕೂಗಿದರೆ ಕೇಳುವವರಿರುವುದಿಲ್ಲ.