ಮಾತೆ ಮರಿಯಳ ಪಕ್ಕದ ಕಿಟಕಿ

ನಮ್ಮ ಅಡುಗೆಮನೆ ಕಿಟಕಿ ಮುಚ್ಚಿದ್ದರೂ ಗಾಳಿ ಒಳಗೆ ಬರುತ್ತದೆ. ಲಿಯೋನ್‌ನ ಹಳೇ ಪೇಟೆಯಲ್ಲಿ, ಹದಿನಾರನೇ ಶತಮಾನದ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಇವತ್ತು ಬೆಳಿಗ್ಗೆಯೂ ದೋಸೆ ಹಿಟ್ಟು ಹುದುಗಿರಲಿಲ್ಲ.

ಎರಡು ಪದರ ಗಾಜಿನ ಪ್ಲಾಸ್ಟಿಕ್ ಕಿಟಕಿ ಹಾಕಿಸಿ ಅಂತ ಮನೆ ಮಾಲೀಕರನ್ನು ಕೇಳಿದ್ದೆ. ಗರ್ಭಗುಡಿಗೆ ರೋಲಿಂಗ್ ಶಟರ್ ಹಾಕಿಸಿ ಅಂದವನನ್ನು ನೋಡುವ ಹಾಗೆ ನೋಡಿದರು. ಈ ಪೇಟೆ 1964ರಲ್ಲಿ ಫ್ರಾನ್ಸಿನ ಮೊಟ್ಟಮೊದಲ ಸಂರಕ್ಷಿತ ಪ್ರದೇಶವಾಯಿತು. 1998ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅದಕ್ಕೂ ಮುಂಚೆ ರಸ್ತೆಗಾಗಿ ಒಂದಷ್ಟು ಮನೆ ಕೆಡವುವ ಮಾತೂ ಇತ್ತಂತೆ. ಉಳಿಸಿಕೊಂಡರು, ಒಳ್ಳೆಯದೇ ಮಾಡಿದರು. ಆದರೆ ಈಗ ಕಿಟಕಿ ಬದಲಿಸಲು ಸರ್ಕಾರಿ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು. ಅರ್ಜಿ ಹೋಗಿದೆ. ಅಲ್ಲಿಯವರೆಗೆ ಸಂದಿಗೆ ಹಳೇ ಟವೆಲ್ ತುರುಕಿದ್ದೇನೆ, ಯಾರ ಒಪ್ಪಿಗೆಯೂ ಇಲ್ಲದೆ.

ಚಳಿಯನ್ನಾದರೂ ತಡೆದುಕೊಳ್ಳಬಹುದು, ಆ ಗೈಡ್‌ನನ್ನು ಆಗುವುದಿಲ್ಲ. ಮನೆಯ ಮೂಲೆಯಲ್ಲಿ, ನಮ್ಮ ಕಿಟಕಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ, ಕಲ್ಲಿನ ಗೂಡಿನೊಳಗೆ ಮಾತೆ ಮರಿಯ ನಿಂತಿದ್ದಾಳೆ. ಕಂಕುಳಲ್ಲಿ ಮಗು. ದಿನಾ ನಾನು ಒಗ್ಗರಣೆಗೆ ಬಾಣಲೆ ಇಡುವ ಹೊತ್ತಿಗೇ ಗೈಡ್ ಕೆಳಗೆ ಬರುತ್ತಾನೆ. ಮೊದಲು ಹಿಂದೆ ಇಲ್ಲಿದ್ದ ಇಟಲಿಯ ಬ್ಯಾಂಕಿನವರ ಕಥೆ ಹೇಳುತ್ತಾನೆ, ಆಮೇಲೆ ರೇಷ್ಮೆ ವ್ಯಾಪಾರಿಗಳದ್ದು. ನಂತರ ಒಂದು ಗಳಿಗೆ ಸುಮ್ಮನಾಗುತ್ತಾನೆ. ಆ ಮೌನ ನನಗೆ ಬಾಯಿಪಾಠ. ಮಡಚಿದ ಕೊಡೆ ಮೇಲೇಳುತ್ತದೆ, ಅದರ ಹಿಂದೆ ಅಷ್ಟೂ ತಲೆಗಳು ಮೇಲೇಳುತ್ತವೆ. ಎಡಕ್ಕೆ ಮಾತೆ, ಬಲಕ್ಕೆ ಬನಿಯನ್ನಿನಲ್ಲಿ ನಾನು, ಕೈಯಲ್ಲಿ ಸೌಟು. ಮೊಬೈಲುಗಳು ಕ್ಲಿಕ್ ಕ್ಲಿಕ್ ಅನ್ನುತ್ತವೆ. ಬಗ್ಗಿ ಕೂತರೆ ಸಾಸಿವೆ ಸೀದುಹೋಗುತ್ತದೆ. ಒಮ್ಮೆ ಬ್ಯಾಡಗಿ ಮೆಣಸಿನಕಾಯಿ ಘಾಟು ಕೆಳಗಿಳಿದು ಇಡೀ ಗುಂಪು ಸೀನತೊಡಗಿತು. ನನಗೇನೂ ಬೇಜಾರಾಗಲಿಲ್ಲ. ಅದರ ನಡುವೆಯೇ ಒಬ್ಬ ಅಜ್ಜಿ ಮೇಲೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು. ಮಾತೆಗೋ, ನನಗೋ, ಗೊತ್ತಾಗಲಿಲ್ಲ.

ಡಿಸೆಂಬರ್ 8ರ ರಾತ್ರಿ ಮಾತ್ರ ಈ ಕಿಟಕಿ ಬೇರೆಯೇ. 1852ರಲ್ಲಿ ಫುರ್ವಿಯೇರ್ ಗುಡ್ಡದ ಮೇಲೆ ಮರಿಯಳ ಪ್ರತಿಮೆ ಉದ್ಘಾಟನೆಯ ದಿನ ಬಿರುಗಾಳಿ ಬಂತಂತೆ. ಸಂಜೆ ಆಕಾಶ ತಿಳಿಯಾದಾಗ ಜನ ತಾವಾಗಿಯೇ ಕಿಟಕಿಗಳಲ್ಲಿ ದೀಪವಿಟ್ಟರು. ಈಗಲೂ ಇಡುತ್ತಾರೆ. ಕೆಳಮನೆಯ ಮದಾಮ್ ಬಣ್ಣದ ಗಾಜಿನ ಲೋಟ, ಮೇಣದಬತ್ತಿ ತಂದುಕೊಟ್ಟಿದ್ದರು. ಹಚ್ಚಿಟ್ಟಾಗ ಊರಿನಲ್ಲಿ ಅಮ್ಮ ಒಬ್ಬಳೇ ಕಾರ್ತಿಕದ ದೀಪ ಹಚ್ಚಿರುತ್ತಾಳಲ್ಲ ಅಂತ ಸಂಕಟವಾಯಿತು. ಅಷ್ಟರಲ್ಲಿ ಅದೇ ಸಂದಿಯ ಗಾಳಿ ಬಂದು ಎರಡು ದೀಪ ಆರಿಸಿತು.

ನಿನ್ನೆ ಅರ್ಜಿಗೆ ಉತ್ತರ ಬಂದಿದೆ. ಬೀದಿಯಿಂದ ತೆಗೆದ, ಕಿಟಕಿ ಸ್ಪಷ್ಟವಾಗಿ ಕಾಣುವ ಇನ್ನೊಂದು ಫೋಟೋ ಬೇಕಂತೆ. ಫೋಟೋಗೇನು ಬರ? ಅರ್ಧ ಪ್ರಪಂಚದ ಮೊಬೈಲಿನಲ್ಲಿದೆ, ಸೌಟಿನ ಸಮೇತ.